ಹಾಯಿದೋಣಿಗೆ ಎರಡು ಗಾಡಿ

ಬ್ರಿಟನ್ನಿನಲ್ಲೂ ಅಮೆರಿಕದ ಪೂರ್ವ ಕರಾವಳಿಯಲ್ಲೂ ಬೇಸಿಗೆಯ ವಾರಾಂತ್ಯ ಬಂತೆಂದರೆ ಪುಟ್ಟ ಹಾಯಿದೋಣಿಯನ್ನು ಕಾರಿನ ಹಿಂದೆ ಕಟ್ಟಿಕೊಂಡು ಹೊರಡುವವರು ಬಹಳ. ಹಾಗೆ ಹೋಗುವ ದೋಣಿಗಳಲ್ಲಿ ಲೇಸರ್ ಎಂಬುದು ಚಿರಪರಿಚಿತ. ಬ್ರೂಸ್ ಕರ್ಬಿ ವಿನ್ಯಾಸಗೊಳಿಸಿದ, 1996ರಿಂದ ಒಲಿಂಪಿಕ್ಸ್‌ನಲ್ಲೂ ಓಡುತ್ತಿರುವ ಈ ಒಂಟಿ ಸವಾರನ ದೋಣಿ 4.2 ಮೀಟರ್ ಉದ್ದ. ಬರಿಯ ಒಡಲಿನ ತೂಕ ಸುಮಾರು 59 ಕೆ.ಜಿ. ಇಷ್ಟು ಹಗುರದ ದೋಣಿಗೆ ರಸ್ತೆಗೊಂದು ಟ್ರೇಲರ್, ನೀರಿಗಿಳಿಸಲು ಕೈಯಲ್ಲಿ ತಳ್ಳುವ ಡಾಲಿ, ಸಾಲದ್ದಕ್ಕೆ ಡಾಲಿಯನ್ನೂ ಹೊರುವಂತೆ ಟ್ರೇಲರಿನ ಮಾರ್ಪಾಟು, ಇದೆಲ್ಲ ಅತಿಯಾಯಿತಲ್ಲವೇ ಎಂದು ಯಾರಿಗಾದರೂ ಅನಿಸೀತು. ಅತಿಯಲ್ಲ ಎನ್ನಲು ಕಾರಣ ಟ್ರೇಲರ್ ಚಕ್ರದ ಗುಂಬದೊಳಗಿದೆ.

ಹೆದ್ದಾರಿಯಲ್ಲಿ ದೂರ ಓಡಿಬಂದ ಚಕ್ರದ ಗುಂಬ ಬಿಸಿಯಾಗಿರುತ್ತದೆ. ಅದನ್ನು ಹಾಗೆಯೇ ಸಮುದ್ರಕ್ಕೆ ಇಳಿಸಿದರೆ ಒಳಗಿನ ಗಾಳಿ ಥಟ್ಟನೆ ತಣಿದು ಕುಗ್ಗುತ್ತದೆ. ಸೀಲಿನ ಸಂದಿನಿಂದ ಉಪ್ಪುನೀರು ಒಳನುಗ್ಗುತ್ತದೆ. ಗ್ರೀಸ್ ಮಜ್ಜಿಗೆಯಂತೆ ಬೆಳ್ಳಗಾಗಿ ತನ್ನ ಗುಣ ಕಳೆದುಕೊಳ್ಳುತ್ತದೆ. ಗಾಡಿ ಮನೆಯಲ್ಲಿ ಸುಮ್ಮನೆ ನಿಂತ ದಿನಗಳಲ್ಲಿ ಬೇರಿಂಗಿಗೆ ತುಕ್ಕು ಹಿಡಿಯುತ್ತದೆ, ಮುಂದೊಂದು ದಿನ ನಡುರಸ್ತೆಯಲ್ಲಿ ಚಕ್ರ ಕೈಕೊಡುತ್ತದೆ. ಡಾಲಿಗೆ ಈ ತಾಪತ್ರಯವಿಲ್ಲ. ಅದಕ್ಕಿರುವುದು ಪ್ಲಾಸ್ಟಿಕ್ ಬುಷ್, ಅಲ್ಯೂಮಿನಿಯಂ ಕೊಳವೆಯ ಚೌಕಟ್ಟು, ಮರಳಿನಲ್ಲಿ ಹೂತುಹೋಗದ ದಪ್ಪ ಟೈರು. ನಡಿಗೆಯ ವೇಗಕ್ಕೆ ಅಷ್ಟು ಸಾಕು, ಹೆದ್ದಾರಿಗೆ ಮಾತ್ರ ಅದು ನಾಲಾಯಕ್ಕು. ರಸ್ತೆಯ ಗಾಡಿ ನೀರು ಮುಟ್ಟಬಾರದು, ನೀರಿನ ಗಾಡಿ ರಸ್ತೆ ಮುಟ್ಟಬಾರದು. ಹಾಗಾಗಿ ಒಂದು ಇನ್ನೊಂದನ್ನು ಹೊರಬೇಕು. ಬ್ರಿಟನ್ನಿನಲ್ಲಿ ಇವೆರಡನ್ನೂ ಜೋಡಿಯಾಗಿಯೇ ತಯಾರಿಸಿ ‘ಕಾಂಬಿ’ ಎಂದು ಮಾರುತ್ತಾರೆ. ಅಮೆರಿಕದಲ್ಲಿ ಅಗ್ಗದ ಸಾಮಾನು ಟ್ರೇಲರನ್ನೋ ಹಳೆಯ ಬೋಟ್ ಟ್ರೇಲರನ್ನೋ ತಂದು ಮನೆಯಂಗಳದಲ್ಲೇ ಸರಿಮಾಡಿಕೊಳ್ಳುವವರೂ ಇದ್ದಾರೆ.

ಕಸುಬುಗಾರಿಕೆ ಇರುವುದು ಇಲ್ಲಿಯೇ. ಮೊದಲು ದೋಣಿ ನೇರವಾಗಿ ಕೂರುತ್ತಿದ್ದ ಮೆತ್ತೆ ಹಲಗೆ, ರೋಲರುಗಳನ್ನು ತೆಗೆಯಬೇಕು. ಆ ಜಾಗದಲ್ಲಿ ಡಾಲಿಯ ಚಕ್ರ ಉರುಳಿ ಬರಲು ಎರಡು ಯು-ಚಾನೆಲ್. ಅಥವಾ ಹಿಂಬದಿಗೆ ಒಂದು ಅಡ್ಡತೊಲೆ, ಅದರ ಮೇಲೆ ಡಾಲಿಯ ಅಚ್ಚು ಕೂತು ಚಕ್ರಗಳು ಗಾಳಿಯಲ್ಲಿ ತೂಗುವಂತೆ. ಮುಂದೆ ಡಾಲಿಯ ಹಿಡಿಕೆಗೆ ಒಂದು ಆಸರೆ, ಜಾರದಂತೆ ಪಿನ್. ಎಷ್ಟು ಮುಂದೆ ಕೂರಿಸಬೇಕು ಎಂಬುದೇ ದೊಡ್ಡ ಪ್ರಶ್ನೆ. ಒಟ್ಟು ತೂಕದ ಹತ್ತನೆಯ ಒಂದು ಪಾಲಿನಷ್ಟಾದರೂ ಕಾರಿನ ಕೊಕ್ಕೆಯ ಮೇಲೆ ಬೀಳಬೇಕು. ಭಾರ ಹಿಂದಕ್ಕೆ ಸರಿದರೆ ವೇಗದಲ್ಲಿ ಟ್ರೇಲರ್ ಬಾಲ ಬೀಸತೊಡಗುತ್ತದೆ. ಆದ್ದರಿಂದ ತೂತು ಕೊರೆಯುವ ಮುನ್ನ ದೋಣಿಸಮೇತ ಇಟ್ಟು ತೂಗಿ ನೋಡುವುದು ಜಾಣತನ. ವೆಲ್ಡಿಂಗಿಗಿಂತ ಯು-ಬೋಲ್ಟ್ ಲೇಸು: ಸತು ಲೇಪಿಸಿದ ಕಬ್ಬಿಣಕ್ಕೆ ಬೆಂಕಿ ತಾಗಿದರೆ ಲೇಪ ಸುಟ್ಟುಹೋಗುತ್ತದೆ, ಆ ಹೊಗೆ ಕುಡಿದವರಿಗೆ ಜ್ವರವೂ ಬರುತ್ತದೆ. ಬೋಲ್ಟಾದರೆ ನಾಳೆ ಸಡಿಲಿಸಿ ಸರಿಸಲೂಬಹುದು. ದೋಣಿಯನ್ನು ಡಾಲಿಗೆ, ಡಾಲಿಯನ್ನು ಟ್ರೇಲರಿಗೆ ಬೇರೆ ಬೇರೆಯಾಗಿ ಕಟ್ಟಬೇಕು. ರ‍್ಯಾಚೆಟ್ ಪಟ್ಟಿ ಬಳಸಿ ಬಲ ತೋರಿಸಲು ಹೋದರೆ ತೆಳ್ಳನೆಯ ಫೈಬರ್ ಒಡಲು ನೆಗ್ಗುತ್ತದೆ. ಕೈಯಲ್ಲಿ ಎಳೆದು ಬಿಗಿಯುವ ಬಕಲ್ ಪಟ್ಟಿಯೇ ಸಾಕು.

ಸ್ಪ್ರಿಂಗಿನ ಒತ್ತಡದಿಂದ ಗ್ರೀಸನ್ನು ಸದಾ ತುಂಬಿಡುವ ಗುಂಬದ ಮುಚ್ಚಳಗಳಿರುವಾಗ ಇಷ್ಟೆಲ್ಲ ಯಾಕೆ ಎಂಬ ಆಕ್ಷೇಪವಿದೆ. ಕೈಯಲ್ಲಿ ಎಳೆಯಲಾಗದ ಭಾರಿ ಮೋಟಾರ್ ಬೋಟುಗಳಿಗೆ ಅದೇ ದಾರಿ, ಒಪ್ಪೋಣ. ಆದರೆ ಮುಚ್ಚಳ ನೀರನ್ನು ತಡೆಯುವ ಪ್ರಯತ್ನ ಮಾಡುತ್ತದೆ. ಡಾಲಿ ಇದ್ದರೆ ಆ ಪ್ರಯತ್ನವೇ ಬೇಡ. ಜೊತೆಗೆ, ಪಾಚಿ ಹಿಡಿದ ಇಳಿಜಾರಿಗೆ ಕಾರನ್ನು ಒಯ್ಯುವ ಆತಂಕವೂ ತಪ್ಪುತ್ತದೆ. ದೋಣಿ ಎತ್ತರದಲ್ಲಿ ಕೂತು ಗಾಳಿಗೆ ಸಿಕ್ಕುತ್ತದೆ ಎಂಬುದು ಇನ್ನೊಂದು ದೂರು. ಇದು ನಿಜವೇ, ಅಡ್ಡತೊಲೆಯನ್ನು ಆದಷ್ಟು ತಗ್ಗಿಸುವುದೇ ಅದಕ್ಕೆ ಮದ್ದು, ಪೂರ್ತಿ ವಾಸಿಯಾಗದು. ಕಾರಿನ ಚಾವಣಿಯ ಮೇಲೆ ಕಟ್ಟಿಕೊಂಡು ಹೋದರಾಗದೇ ಎನ್ನುವವರಿಗೆ ಉತ್ತರ ಸುಲಭ: ಎತ್ತಲು ಇನ್ನೊಬ್ಬರು ಬೇಕು, ದಡ ತಲುಪಿದ ಮೇಲೆ ಡಾಲಿಯಂತೂ ಬೇಕೇ ಬೇಕು. ಹೇಗೂ ಒಯ್ಯಬೇಕಾದ ಡಾಲಿಯ ಮೇಲೆ ದೋಣಿಯನ್ನಿಟ್ಟೇ ಒಯ್ದರೆ ದಡದಲ್ಲಿ ಪಿನ್ ಕಳಚಿ ಹಿಂದಕ್ಕೆ ಎಳೆದರಾಯಿತು, ಒಬ್ಬರ ಕೆಲಸ. ಟ್ರೇಲರಿನ ಹಿಂದೀಪಗಳಿಗೂ ಅವುಗಳ ತಂತಿಗಳಿಗೂ ಉಪ್ಪುನೀರಿನ ಸ್ನಾನ ತಪ್ಪುತ್ತದೆ.