ಭದ್ರೆಯ ಮೂಲದಲ್ಲಿ ಅದಿರು, ದಡದಲ್ಲಿ ಕುಲುಮೆ

ಎಣ್ಮಕಜೆಯ ಗುಡ್ಡಗಳ ಮಗ್ಗುಲಿಗೆ ಸುರಂಗ ತೋಡಿ ನೀರು ತಂದ ನಮ್ಮ ಹಿರಿಯರ ಕೈಯಲ್ಲಿದ್ದುದು ಒಂದು ಪಿಕ್ಕಾಸು ಮತ್ತು ಒಂದು ಹಾರೆ. ಅವರು ಕಡಿದ ಮುರಕಲ್ಲಿಗೆ ಆ ಕೆಂಪು ಬಣ್ಣ ಬಂದುದು ಕೂಡ ಕಬ್ಬಿಣದಿಂದಲೇ. ಆದರೆ ಕರಗಿಸಿ ತೆಗೆದರೆ ಖರ್ಚು ಹುಟ್ಟುವಷ್ಟು ಸಾಂದ್ರವಾಗಿ ಅದು ನಮ್ಮ ಮಣ್ಣಿನಲ್ಲಿಲ್ಲ. ಆದ್ದರಿಂದ ಕಬ್ಬಿಣ ಬೆರೆತ ಕಲ್ಲಿನಿಂದಲೇ ಗೋಡೆ ಕಟ್ಟುವ ನಾವು ತಾರಸಿಗೆ ಬೇಕಾದ ಕಂಬಿಯನ್ನು ಪೆರ್ಲದ ಅಂಗಡಿಯಿಂದ ತರುತ್ತೇವೆ. ಕಂಬಿಯ ದರ ಏರಿದಾಗ ಮನೆಯ ಕೆಲಸ ಅರ್ಧಕ್ಕೆ ನಿಲ್ಲುವುದನ್ನು ಕಾಣದವರು ನಮ್ಮಲ್ಲಿ ವಿರಳ.

ಭಾರತ ಇಂದು ಉಕ್ಕಿನ ಉತ್ಪಾದನೆಯಲ್ಲಿ ಚೀನದ ಬಳಿಕ ಜಗತ್ತಿನಲ್ಲಿ ಎರಡನೆಯ ಸ್ಥಾನದಲ್ಲಿದೆ. 2018ರಲ್ಲಿ ಜಪಾನನ್ನು ಹಿಂದಿಕ್ಕಿ ಆ ಸ್ಥಾನ ಪಡೆಯಿತು. 2017ರ ರಾಷ್ಟ್ರೀಯ ಉಕ್ಕು ನೀತಿಯು 2030-31ರ ವೇಳೆಗೆ 30 ಕೋಟಿ ಟನ್ ಉತ್ಪಾದನಾ ಸಾಮರ್ಥ್ಯದ ಗುರಿಯನ್ನು ಇಟ್ಟುಕೊಂಡಿದೆ. ಹೀಗಿದ್ದೂ ನಮ್ಮ ದೇಶದಲ್ಲಿ ತಲಾ ಉಕ್ಕಿನ ಬಳಕೆ ವರ್ಷಕ್ಕೆ ಸುಮಾರು 100 ಕಿಲೋ. ಜಗತ್ತಿನ ಸರಾಸರಿ ಅದರ ಇಮ್ಮಡಿಗೂ ಮಿಗಿಲು. ಅದಿರೂ ಇದೆ, ದುಡಿಯುವ ಕೈಗಳೂ ಇವೆ, ಬೇಡಿಕೆಯೂ ಇದೆ. ಆದರೂ ದೇಶೀಯ ಉಕ್ಕು ಏದುಸಿರು ಬಿಡುತ್ತಿರುವುದೇಕೆ? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಕನ್ನಡ ನಾಡಿನ ಮೂರು ಊರುಗಳ ಕಥೆ ಸಾಕು: ಭದ್ರಾವತಿ, ಕುದುರೆಮುಖ ಮತ್ತು ಬಳ್ಳಾರಿಯ ಸಂಡೂರು-ತೋರಣಗಲ್ಲು ಪ್ರದೇಶ.

ಭದ್ರಾವತಿ: ಇದ್ದಿಲಿನಿಂದ ಆರಂಭ

ಭದ್ರಾವತಿಗೆ ಹಿಂದೆ ಬೆಂಕಿಪುರ ಎಂಬ ಹೆಸರಿತ್ತು. 1923ರ ಜನವರಿಯಲ್ಲಿ ಅಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಉರಿಯತೊಡಗಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಸಂಕಲ್ಪದಿಂದ ಹುಟ್ಟಿದ ಉದ್ಯಮವಿದು. ದಿವಾನಗಿರಿಯಿಂದ ನಿವೃತ್ತರಾಗಿದ್ದ ಅವರು 1923ರಿಂದ ಕೆಲವು ವರ್ಷ ಕಾರ್ಖಾನೆಯ ಮಂಡಳಿಯ ಅಧ್ಯಕ್ಷರಾಗಿ ಅದನ್ನು ನಷ್ಟದಿಂದ ಮೇಲೆತ್ತಲು ಶ್ರಮಿಸಿದರು. ಅದಿರು ಬಾಬಾಬುಡನ್ ಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ ಇಳಿದು ಬರುತ್ತಿತ್ತು. ನೀರು ಭದ್ರಾ ನದಿಯದು.

ಕೊರತೆಯಿದ್ದುದು ಒಂದಕ್ಕೆ: ಕಲ್ಲಿದ್ದಲು. ಅದಿರಿನಿಂದ ಕಬ್ಬಿಣವನ್ನು ಬೇರ್ಪಡಿಸಲು ಬರಿಯ ಶಾಖ ಸಾಲದು. ಅದಿರಿನಲ್ಲಿರುವ ಆಮ್ಲಜನಕವನ್ನು ಕಿತ್ತುಕೊಳ್ಳುವ ಇಂಗಾಲವೂ ಬೇಕು. ಆ ಇಂಗಾಲವು ಸಾಮಾನ್ಯವಾಗಿ ಒಂದು ವಿಶಿಷ್ಟ ಬಗೆಯ ಕಲ್ಲಿದ್ದಲಿನಿಂದ ತಯಾರಾಗುವ ಕೋಕ್‌ನಿಂದ ಬರುತ್ತದೆ. ಅಂತಹ ಕಲ್ಲಿದ್ದಲು ಮೈಸೂರು ಸೀಮೆಯಲ್ಲಿರಲಿಲ್ಲ. ಆದುದರಿಂದ ಮಲೆನಾಡಿನ ಮರಗಳನ್ನು ಸುಟ್ಟು ಮಾಡಿದ ಇದ್ದಿಲನ್ನೇ ಕುಲುಮೆಗೆ ಸುರಿದರು. ಕಾರ್ಖಾನೆಯ ಮೊದಲ ಹೆಸರಿನಲ್ಲಿಯೇ ಮರದ ಭಟ್ಟಿಯ ಉಲ್ಲೇಖವಿತ್ತು. ಮುಂದೆ ಶರಾವತಿಯ ವಿದ್ಯುತ್ ದೊರೆತಾಗ 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಒಂದು ಸಂಸ್ಥಾನವು ತನ್ನಲ್ಲಿಲ್ಲದುದನ್ನು ತನ್ನಲ್ಲಿರುವುದರಿಂದ ತುಂಬಿಕೊಳ್ಳಲು ಮಾಡಿದ ಈ ಪ್ರಯತ್ನ ಸಾಮಾನ್ಯವಾದುದಲ್ಲ.

ಆದರೆ ಉಕ್ಕಿನ ಉದ್ಯಮದಲ್ಲಿ ಗಾತ್ರಕ್ಕೆ ಬೆಲೆಯಿದೆ. ಕುಲುಮೆ ದೊಡ್ಡದಾದಷ್ಟೂ ಟನ್ನಿಗೆ ತಗಲುವ ಖರ್ಚು ಇಳಿಯುತ್ತದೆ. ಭದ್ರಾವತಿಯ ಉತ್ಪಾದನೆಯನ್ನು ಲಕ್ಷ ಟನ್ನುಗಳಲ್ಲಿ ಎಣಿಸುವ ಕಾಲಕ್ಕೆ ಬೇರೆಡೆಯ ಕಾರ್ಖಾನೆಗಳು ಕೋಟಿ ಟನ್ನುಗಳ ಮಾತನ್ನಾಡುತ್ತಿದ್ದವು. ವಿಶೇಷ ಬಗೆಯ ಮಿಶ್ರಲೋಹದ ಉಕ್ಕನ್ನು ತಯಾರಿಸಿ ಅದು ತನ್ನ ಸ್ಥಾನವನ್ನು ಉಳಿಸಿಕೊಂಡಿತು. 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಬಂದು, 1998ರಲ್ಲಿ ಅದರಲ್ಲಿಯೇ ವಿಲೀನವಾಯಿತು. ಆದರೆ ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ನಿಂತ ಮೇಲೆ ಸ್ವಂತ ಗಣಿಯ ಆಸರೆ ತಪ್ಪಿತು. ಅದಿರನ್ನೂ ಇಂಧನವನ್ನೂ ಕೊಂಡು ತಂದು, ಹಳೆಯ ಯಂತ್ರಗಳಲ್ಲಿ ಸಣ್ಣ ಪ್ರಮಾಣದಲ್ಲಿ ಉಕ್ಕು ತಯಾರಿಸಿ ಲಾಭ ತೋರಿಸಬೇಕೆಂದರೆ ಯಾವ ಆಡಳಿತಕ್ಕೂ ಕಷ್ಟವೇ.

2016ರಲ್ಲಿ ಕೇಂದ್ರ ಸರಕಾರವು ಕಾರ್ಖಾನೆಯನ್ನು ಖಾಸಗಿಯವರಿಗೆ ಒಪ್ಪಿಸಲು ತಾತ್ವಿಕ ಸಮ್ಮತಿ ನೀಡಿತು. ಮಾರಾಟ ಕೈಗೂಡಲಿಲ್ಲ. 2023ರ ಜನವರಿಯಲ್ಲಿ, ಕುಲುಮೆ ಹೊತ್ತಿ ನೂರು ವರ್ಷ ತುಂಬಿದ ತಿಂಗಳಿನಲ್ಲಿಯೇ, ಪ್ರಾಧಿಕಾರದ ಮಂಡಳಿ ಮುಚ್ಚುವ ನಿರ್ಣಯ ಕೈಗೊಂಡಿತು. ಕಾರ್ಮಿಕರು ಬೀದಿಗಿಳಿದರು, ಗುತ್ತಿಗೆ ಕಾರ್ಮಿಕರ ಕುಟುಂಬಗಳು ತಿಂಗಳುಗಟ್ಟಲೆ ಧರಣಿ ಕುಳಿತವು. ಅದೇ ವರ್ಷದ ಆಗಸ್ಟಿನಲ್ಲಿ ಸರಳು ತಯಾರಿಸುವ ಘಟಕ ಮತ್ತೆ ಚಾಲನೆಗೊಂಡಿತು. 2024ರಲ್ಲಿ ಕೇಂದ್ರದ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿಯವರು ಪುನಶ್ಚೇತನದ ಭರವಸೆ ನೀಡಿದರು. ಮುಚ್ಚುವ ಮಾತು, ಮಾರುವ ಮಾತು, ತೆರೆಯುವ ಮಾತು ಇವುಗಳ ನಡುವೆ ವರ್ಷಗಳು ಕಳೆದುಹೋದವು. ಯಂತ್ರಕ್ಕೆ ಹಿಡಿದ ತುಕ್ಕನ್ನು ಒರೆಸಬಹುದು. ಅನಿಶ್ಚಿತತೆಯಲ್ಲಿ ಕಳೆದ ದುಡಿಯುವ ವಯಸ್ಸನ್ನು ಯಾರೂ ಮರಳಿಸಲಾರರು.

ಕುದುರೆಮುಖ: ನದಿಯ ಮೂಲದಲ್ಲಿ ಗಣಿ

ಭದ್ರಾವತಿಯಿಂದ ಭದ್ರೆಯ ಪಾತ್ರವನ್ನು ಹಿಡಿದು ಮೇಲಕ್ಕೆ ಹೋದರೆ ಪಶ್ಚಿಮ ಘಟ್ಟದ ಕುದುರೆಮುಖ ಸಿಗುತ್ತದೆ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಸೀಮೆ ಅದು. ನಮಗೆ ಹತ್ತಿರದ ಬೆಟ್ಟವೂ ಹೌದು. ಅಲ್ಲಿನ ಅದಿರು ಕೆಳದರ್ಜೆಯದು. ಅದರಲ್ಲಿ ಕಬ್ಬಿಣದ ಅಂಶ ನೂರಕ್ಕೆ 40ರ ಒಳಗೆ. ಅದನ್ನು ಪುಡಿಮಾಡಿ, ಶುದ್ಧೀಕರಿಸಿ, ನೀರಿನೊಡನೆ ಬೆರೆಸಿ ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ಮಂಗಳೂರಿನ ಪಣಂಬೂರಿಗೆ ಹರಿಯಬಿಡುವ ಯೋಜನೆ ರೂಪುಗೊಂಡಿತು. 1976ರಲ್ಲಿ ಅದಕ್ಕಾಗಿ ಕಂಪೆನಿ ಸ್ಥಾಪನೆಯಾಯಿತು. ಹಣ ಇರಾನಿನ ದೊರೆಯದು, ಅದಿರು ಹೋಗಬೇಕಾದುದೂ ಇರಾನಿಗೆ.

1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ದೊರೆ ದೇಶ ಬಿಟ್ಟೋಡಿದರು. ಸಾಲದ ಹಣ ನಡುವೆಯೇ ನಿಂತಿತು, ಕೊಳ್ಳುವವರೂ ಇಲ್ಲವಾದರು. ಭಾರತ ಸರಕಾರ ತನ್ನ ಹಣದಿಂದ ಕೆಲಸ ಪೂರೈಸಿ ಬೇರೆ ಗಿರಾಕಿಗಳನ್ನು ಹುಡುಕಿತು. ಮುಂದೆ ಮಂಗಳೂರಿನಲ್ಲಿ ಅದಿರಿನ ಉಂಡೆ ತಯಾರಿಸುವ ಘಟಕ ಆರಂಭವಾಯಿತು. ಒಬ್ಬನೇ ವಿದೇಶೀ ಗ್ರಾಹಕನನ್ನು ನಂಬಿ ಬೆಟ್ಟ ಅಗೆಯಲು ಹೊರಟ ಅಭಿವೃದ್ಧಿಶೀಲ ರಾಷ್ಟ್ರವೊಂದು ಕಲಿತ ಪಾಠ ಇದು.

ಎರಡನೆಯ ಪಾಠವನ್ನು ನ್ಯಾಯಾಲಯ ಕಲಿಸಿತು. ಮೂವತ್ತು ವರ್ಷಗಳ ಗುತ್ತಿಗೆ 1999ರಲ್ಲಿ ಮುಗಿಯಿತು. ಗಣಿಯ ಸುತ್ತಲಿನ ಕಾಡು ಅಷ್ಟರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಗುರುತಿಸಲ್ಪಟ್ಟಿತ್ತು. ಗಣಿಯ ಹೂಳು ಭದ್ರೆಗೆ ಸೇರುತ್ತಿದೆಯೆಂಬುದು ಪರಿಸರವಾದಿಗಳ ಆಕ್ಷೇಪ. ಅರಣ್ಯಾಧಿಕಾರಿಯಾಗಿ ದುಡಿದ ಕೆ.ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2002ರ ಅಕ್ಟೋಬರ್ 30ರಂದು ತೀರ್ಪು ನೀಡಿ, 2005ರ ಅಂತ್ಯದೊಳಗೆ ಗಣಿಗಾರಿಕೆ ನಿಲ್ಲಬೇಕೆಂದಿತು. ಆ ತೀರ್ಪನ್ನು ಓದಿದ ಯಾವ ನ್ಯಾಯವಾದಿಗೂ ಒಂದು ಸಂಗತಿ ಸ್ಪಷ್ಟವಾಗುತ್ತದೆ. ನ್ಯಾಯಾಲಯ ಉದ್ಯಮವನ್ನು ವಿರೋಧಿಸಲಿಲ್ಲ. ನದಿಯನ್ನೂ ಕಾಡನ್ನೂ ಲೆಕ್ಕಕ್ಕೇ ಹಿಡಿಯದ ಲಾಭವನ್ನು ಲಾಭವೆಂದು ಒಪ್ಪಲು ನಿರಾಕರಿಸಿತು. ತಕ್ಷಣ ಬೀಗ ಜಡಿಯದೆ ಮೂರು ವರ್ಷಗಳ ಕಾಲಾವಕಾಶ ನೀಡಿತು.

ಎಣ್ಮಕಜೆಯವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕಾಲದಲ್ಲಿ ಗೇರುಬೀಜದ ಆದಾಯವನ್ನು ಮಾತ್ರ ಬರೆದಿಟ್ಟರು. ಸ್ವರ್ಗ, ಪಡ್ರೆಯ ಮನೆಗಳಲ್ಲಿ ಮಕ್ಕಳು ತೆತ್ತ ಬೆಲೆ ಯಾವ ಪುಸ್ತಕದಲ್ಲಿಯೂ ದಾಖಲಾಗಲಿಲ್ಲ. ಸುಪ್ರೀಂ ಕೋರ್ಟು 2011ರಲ್ಲಿ ಆ ವಿಷವನ್ನು ತಡೆದು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಆದೇಶಿಸಿತು. ಅಗ್ಗವೆಂದು ತೋರುವ ಉತ್ಪಾದನೆಯ ಉಳಿದ ಬೆಲೆಯನ್ನು ಯಾರೋ ಒಬ್ಬರು ತೆರುತ್ತಲೇ ಇರುತ್ತಾರೆ. ಉಕ್ಕಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ.

ಬಳ್ಳಾರಿ: ಕಾನೂನು ಇಲ್ಲದಾಗ

ಕುದುರೆಮುಖದಲ್ಲಿ ಗಣಿ ನಿಂತ ಕಾಲಕ್ಕೆ ಬಳ್ಳಾರಿಯ ಸಂಡೂರಿನಲ್ಲಿ ಗಣಿಗಳು ಹಗಲಿರುಳೆನ್ನದೆ ನಡೆಯುತ್ತಿದ್ದವು. ಚೀನದ ಬೇಡಿಕೆಯಿಂದ ಅದಿರಿನ ಬೆಲೆ ಗಗನಕ್ಕೇರಿತ್ತು. ಆದರೆ 2009ರವರೆಗೆ ಟನ್ನಿಗೆ ಸರಕಾರಕ್ಕೆ ಸಲ್ಲುತ್ತಿದ್ದ ರಾಜಧನ 30 ರೂಪಾಯಿಗೂ ಕಡಿಮೆ. ಅದೇ ಟನ್ನು ಸಾವಿರಾರು ರೂಪಾಯಿಗೆ ಹಡಗೇರಿತು. ಪರವಾನಗಿಯಿಲ್ಲದ ಗಣಿ, ಗಡಿ ಮೀರಿದ ಗಣಿ, ಮಿತಿ ಮೀರಿದ ಲಾರಿ, ಅಂಕೋಲಾ ಬಳಿಯ ಬೇಲೆಕೇರಿ ಬಂದರಿನಲ್ಲಿ ಮುಟ್ಟುಗೋಲಿನಲ್ಲಿದ್ದಾಗಲೇ ಕಾಣೆಯಾದ ಅದಿರು ಇವೆಲ್ಲ ಬಯಲಾದವು. 2011ರ ಜುಲೈಯಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ವರದಿ ಸಲ್ಲಿಸಿದರು. ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಿತು. ಮರುತಿಂಗಳು ಚಿತ್ರದುರ್ಗ, ತುಮಕೂರುಗಳಿಗೂ ತಡೆ ಅನ್ವಯವಾಯಿತು.

ಇದರ ಬಿಸಿ ಉಕ್ಕಿನ ಕಾರ್ಖಾನೆಗಳಿಗೆ ತಟ್ಟಿತು. ತೋರಣಗಲ್ಲಿನಲ್ಲಿ ಸರಕಾರಿ ಉಕ್ಕಿನ ಕಾರ್ಖಾನೆಗಾಗಿ 1971ರಲ್ಲಿ ಇಂದಿರಾ ಗಾಂಧಿಯವರು ಶಿಲಾನ್ಯಾಸ ಮಾಡಿದ್ದರು. ಆ ಕಾರ್ಖಾನೆ ಬರಲೇ ಇಲ್ಲ. ಎರಡು ದಶಕಗಳ ಬಳಿಕ ಅಲ್ಲಿ ಖಾಸಗಿ ಕಾರ್ಖಾನೆ ಎದ್ದಿತು. ಇಂದು ವರ್ಷಕ್ಕೆ 1 ಕೋಟಿ 20 ಲಕ್ಷ ಟನ್ನಿಗೂ ಮಿಕ್ಕಿದ ಸಾಮರ್ಥ್ಯವುಳ್ಳ ಆ ಕಾರ್ಖಾನೆ ಅಂದು ಅದಿರಿಲ್ಲದೆ ಉತ್ಪಾದನೆಯನ್ನು ತಗ್ಗಿಸಬೇಕಾಯಿತು. ಬಗಲಲ್ಲಿಯೇ ಅದಿರಿನ ಬೆಟ್ಟವಿದ್ದು ಕುಲುಮೆ ಹಸಿದಿತ್ತು.

2013ರ ಏಪ್ರಿಲ್ 18ರ ತೀರ್ಪು ಗಣಿಗಳನ್ನು ಅಕ್ರಮದ ಪ್ರಮಾಣಕ್ಕನುಗುಣವಾಗಿ ಮೂರು ವರ್ಗಗಳಾಗಿ ವಿಂಗಡಿಸಿತು. ತೀವ್ರ ಅಕ್ರಮ ನಡೆದ ಗಣಿಗಳ ಗುತ್ತಿಗೆ ರದ್ದಾಯಿತು. ಮೂರು ಜಿಲ್ಲೆಗಳಿಂದ ವರ್ಷಕ್ಕೆ 3 ಕೋಟಿ ಟನ್ನಿಗಿಂತ ಹೆಚ್ಚು ಅದಿರು ತೆಗೆಯಬಾರದೆಂಬ ಮಿತಿ ಬಂದಿತು. 2022ರಲ್ಲಿ ಅದನ್ನು 5 ಕೋಟಿಗೆ ಏರಿಸಲಾಯಿತು. ಕಾನೂನಿನಿಂದ ಉದ್ಯಮ ನಿಂತಿತೆಂದು ಅಂದು ಹಲವರು ದೂರಿದರು. ವಾಸ್ತವದಲ್ಲಿ ಕಾನೂನನ್ನು ಹತ್ತು ವರ್ಷ ಮಲಗಿಸಿದ್ದರಿಂದಲೇ ಉದ್ಯಮ ಒಂದು ದಿನ ಥಟ್ಟನೆ ನಿಲ್ಲಬೇಕಾಯಿತು. ಮೊದಲೇ ಅಳೆದು, ತೂಗಿ, ರಾಜಧನ ವಸೂಲು ಮಾಡಿದ್ದರೆ ಪ್ರಾಮಾಣಿಕ ಉದ್ಯಮಿಗೂ ಲಾರಿ ಚಾಲಕನಿಗೂ ಆ ಸಂಕಟ ಬರುತ್ತಿರಲಿಲ್ಲ.

ಹೊರಗಿನಿಂದ ಬರುವ ಒತ್ತಡ

ಈ ಮೂರು ಊರುಗಳ ತೊಡಕುಗಳ ಮೇಲೆ ಇಡೀ ದೇಶದ ತೊಡಕುಗಳೂ ಬಂದು ಕೂಡುತ್ತವೆ. ಮೊದಲನೆಯದು ಭದ್ರಾವತಿಯ ಹಳೆಯ ಸಮಸ್ಯೆಯೇ. ನಮ್ಮ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಹೆಚ್ಚು. ಕೋಕ್ ತಯಾರಿಸಲು ಯೋಗ್ಯವಾದ ಕಲ್ಲಿದ್ದಲಿನ ಬಹುಪಾಲನ್ನು, ನೂರಕ್ಕೆ 85ಕ್ಕೂ ಹೆಚ್ಚನ್ನು, ನಾವು ಹೊರದೇಶಗಳಿಂದ, ಮುಖ್ಯವಾಗಿ ಆಸ್ಟ್ರೇಲಿಯಾದಿಂದ ತರಿಸುತ್ತೇವೆ. ಅಲ್ಲಿ ನೆರೆ ಬಂದು ಗಣಿ ಮುಳುಗಿದರೆ ಪೆರ್ಲದಲ್ಲಿ ಕಂಬಿಯ ದರ ಏರಲು ದಾರಿಯಾಗುತ್ತದೆ.

ಎರಡನೆಯದು ಆಮದು. ಚೀನ ವರ್ಷಕ್ಕೆ ಸುಮಾರು 100 ಕೋಟಿ ಟನ್ ಉಕ್ಕು ತಯಾರಿಸುತ್ತದೆ. ಅಲ್ಲಿ ಕಟ್ಟಡಗಳ ಕೆಲಸ ಕುಗ್ಗಿದಾಗ ಉಳಿದ ಉಕ್ಕು ಅಗ್ಗದ ದರದಲ್ಲಿ ಹೊರದೇಶಗಳಿಗೆ ಹರಿಯುತ್ತದೆ. 2023-24ರಲ್ಲಿ ಭಾರತ ರಫ್ತು ಮಾಡಿದುದಕ್ಕಿಂತ ಹೆಚ್ಚು ಸಿದ್ಧ ಉಕ್ಕನ್ನು ಆಮದು ಮಾಡಿಕೊಂಡಿತು. 2025ರ ಏಪ್ರಿಲಿನಲ್ಲಿ ಕೇಂದ್ರ ಸರಕಾರ ಕೆಲವು ಬಗೆಯ ಉಕ್ಕಿನ ಮೇಲೆ ಶೇಕಡಾ 12ರ ತಾತ್ಕಾಲಿಕ ರಕ್ಷಣಾ ಸುಂಕ ಹೇರಿತು. ಸುಂಕದಿಂದ ಕಾರ್ಖಾನೆ ಉಸಿರಾಡೀತು. ಆದರೆ ಉಕ್ಕನ್ನು ಕೊಂಡು ಪಾತ್ರೆ, ಪಂಪು, ಬೀರು ತಯಾರಿಸುವ ಸಣ್ಣ ಉದ್ಯಮಿಗೆ ಅದೇ ಹೊರೆಯಾದೀತು.

ಮೂರನೆಯದು ಹೊಗೆ. ಕುಲುಮೆಯಲ್ಲಿ ಒಂದು ಟನ್ ಉಕ್ಕು ತಯಾರಾಗುವಾಗ ಸುಮಾರು ಎರಡು ಟನ್ ಇಂಗಾಲದ ಡೈ ಆಕ್ಸೈಡ್ ಆಕಾಶ ಸೇರುತ್ತದೆ. ಐರೋಪ್ಯ ಒಕ್ಕೂಟವು ಇಂತಹ ಹೊಗೆಗೆ ಗಡಿಯಲ್ಲಿಯೇ ಬೆಲೆ ಕಟ್ಟುವ ವ್ಯವಸ್ಥೆಯನ್ನು 2023ರ ಅಕ್ಟೋಬರಿನಲ್ಲಿ ಆರಂಭಿಸಿತು. ಇನ್ನೂರು ವರ್ಷ ಕಲ್ಲಿದ್ದಲು ಸುಟ್ಟು ಶ್ರೀಮಂತವಾದ ದೇಶಗಳು ಈಗ ಏಣಿಯೇರುತ್ತಿರುವವರಿಂದ ಸುಂಕ ಕೇಳುವುದು ನ್ಯಾಯವೇ ಎಂಬ ಪ್ರಶ್ನೆ ಸಹಜ. ಆದರೆ ಹೊಗೆಯ ಬೆಲೆಯನ್ನು ಯಾರೂ ತೆರಬೇಕಾಗಿಲ್ಲವೆಂದು ವಾದಿಸಲು, ಬದಲಾಗುತ್ತಿರುವ ಮಳೆಗಾಲವನ್ನು ಕಂಡ ಅಡಿಕೆ ಕೃಷಿಕರಾದ ನಮಗೆ ಬಾಯಿ ಬಾರದು.

ನಮ್ಮ ಪಾಲಿನದು

ಹಾಗಾದರೆ ಮಾಡಬೇಕಾದುದೇನು? ಗುಜರಿಯಿಂದ ಉಕ್ಕು ತಯಾರಿಸಿದರೆ ಅದಿರೂ ಕಲ್ಲಿದ್ದಲೂ ಬಹಳಷ್ಟು ಉಳಿಯುತ್ತವೆ. ನಮ್ಮ ಅಂಗಳಕ್ಕೆ ಬಂದು ಮುರಿದ ಸೈಕಲ್ಲು, ತುಕ್ಕು ಹಿಡಿದ ಪಂಪುಸೆಟ್ಟು ಒಯ್ಯುವ ಗುಜರಿಯವನು ಈ ಉದ್ಯಮದ ಮೊದಲ ಕೊಂಡಿ. ಕಂಬಿ ಕೊಳ್ಳುವಾಗ ದರ ಮಾತ್ರ ವಿಚಾರಿಸದೆ ಐಎಸ್‌ಐ ಮುದ್ರೆಯನ್ನೂ ಐಎಸ್ 1786 ಎಂಬ ಮಾನಕದ ಸಂಖ್ಯೆಯನ್ನೂ ನೋಡಿ, ರಶೀದಿ ಪಡೆಯಬೇಕು. ಕಳಪೆ ಕಂಬಿಯ ಅಗ್ಗದ ದರವೂ ಮುಂದೊಂದು ದಿನ ತಾರಸಿಯ ಬಿರುಕಾಗಿ ವಸೂಲಾಗುತ್ತದೆ.

ಸರಕಾರಗಳಿಂದ ನಾವು ಕೇಳಬೇಕಾದುದು ಸ್ಪಷ್ಟವಾದ, ಸಕಾಲಿಕವಾದ ನಿರ್ಧಾರ. ಭದ್ರಾವತಿಗೆ ಗಣಿ, ಬಂಡವಾಳ, ಹೊಸ ಯಂತ್ರ ಕೊಡುವುದಾದರೆ ದಿನಾಂಕ ಹೇಳಿ ಕೊಡಲಿ. ಕೊಡಲಾಗದಿದ್ದರೆ ಕಾರ್ಮಿಕರಿಗೆ ನ್ಯಾಯವಾದ ಪರಿಹಾರವನ್ನೂ ಊರಿಗೆ ಬೇರೆ ದುಡಿಮೆಯನ್ನೂ ಒದಗಿಸಿ ಆ ಮಾತನ್ನು ನೇರವಾಗಿ ಹೇಳಲಿ. ಹೊಸ ಗಣಿ ತೆರೆಯುವ ಮುನ್ನ ನದಿಯ ಲೆಕ್ಕ, ಕಾಡಿನ ಲೆಕ್ಕ ಜನರ ಮುಂದೆ ಬರಲಿ.

ನಮ್ಮ ಕನ್ನಡ ಶಾಲೆಗಳ ಮಕ್ಕಳು ಸಮಾಜ ವಿಜ್ಞಾನದಲ್ಲಿ ಉಕ್ಕಿನ ಕಾರ್ಖಾನೆಗಳ ಹೆಸರುಗಳನ್ನು ಉರುಹೊಡೆಯುತ್ತಾರೆ. ಈ ವಾರ ಮನೆಯಲ್ಲಿ ಭೂಪಟ ಬಿಡಿಸಿ, ಕುದುರೆಮುಖದ ಬಳಿಯಿಂದ ಭದ್ರಾವತಿಯವರೆಗೆ ಭದ್ರೆಯ ದಾರಿಯನ್ನು ಮಕ್ಕಳ ಬೆರಳಿನಿಂದ ಗುರುತಿಸಿ ತೋರಿಸಿರಿ. ಒಂದೇ ನದಿಯ ತಲೆಯಲ್ಲಿ ಗಣಿ ಮುಚ್ಚಿದ್ದೇಕೆ, ಅದರ ದಡದಲ್ಲಿ ಕುಲುಮೆ ಆರಬಾರದೆಂದು ಜನ ಹೋರಾಡುತ್ತಿರುವುದೇಕೆ ಎಂದು ಕೇಳಿರಿ. ಎರಡೂ ಕಡೆಯವರ ಮಾತಿನಲ್ಲಿ ಸತ್ಯವಿದೆಯೆಂದು ಮಗುವಿಗೆ ತಿಳಿದರೆ, ನಾಳೆ ಅದು ಇಂಜಿನಿಯರಾಗಲಿ, ಅಧಿಕಾರಿಯಾಗಲಿ, ಎರಡೂ ಬದಿಯ ಲೆಕ್ಕವನ್ನು ಬರೆದಿಟ್ಟೇ ನಿರ್ಧಾರ ಕೈಗೊಳ್ಳುತ್ತದೆ.