ಡ್ರಾಫ್ಟ್ ಅಂದರೆ ಸರದಿ: ಎನ್‌ಬಿಎ ಆಯ್ಕೆಯ ಬಗ್ಗೆ ನಾವು ನಂಬಿದ್ದು, ನಡೆದದ್ದು

ಬೀದಿಯಲ್ಲಿ ಕ್ರಿಕೆಟ್ ಆಡಿ ಬೆಳೆದವರಿಗೆ ಈ ದೃಶ್ಯ ಗೊತ್ತು. ಇಬ್ಬರು ನಾಯಕರು ಎದುರುಬದುರು ನಿಲ್ಲುತ್ತಾರೆ. ಟಾಸ್ ಗೆದ್ದವನು ಒಬ್ಬನನ್ನು ಕರೆದುಕೊಳ್ಳುತ್ತಾನೆ, ಆಮೇಲೆ ಇನ್ನೊಬ್ಬ ನಾಯಕ, ಮತ್ತೆ ಮೊದಲಿನವನು. ಕೊನೆಗೆ ಉಳಿದ ಹುಡುಗ ಕಾಲ್ಬೆರಳಿನಿಂದ ಮಣ್ಣು ಕೆದಕುತ್ತಾ ನಿಂತಿರುತ್ತಾನೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಪ್ರತಿವರ್ಷ ನಡೆಸುವ ಡ್ರಾಫ್ಟ್‌ನ ತಿರುಳು ಇದೇ. ಹೊಸ ಹುಡುಗರನ್ನು ತಂಡಗಳು ಸರದಿಯ ಪ್ರಕಾರ ಒಬ್ಬೊಬ್ಬರನ್ನಾಗಿ ಕರೆದುಕೊಳ್ಳುತ್ತವೆ. ‘ಸರದಿ’ ಎಂಬ ಈ ಒಂದು ಮಾತನ್ನು ಮರೆತದ್ದರಿಂದಲೇ ಡ್ರಾಫ್ಟ್ ಬಗ್ಗೆ ಇಷ್ಟೊಂದು ತಪ್ಪು ಕಲ್ಪನೆಗಳು ಬೆಳೆದಿವೆ ಎಂದು ನನಗನ್ನಿಸುತ್ತದೆ.

‘ಡ್ರಾಫ್ಟ್ ಎಂದರೆ ಆಟಗಾರರ ಹರಾಜು’

ಐಪಿಎಲ್ ನೋಡುವ ನಮಗೆ ಮೊದಲು ಹೊಳೆಯುವುದೇ ಇದು. ಆದರೆ ಎರಡರ ಗುಣ ತದ್ವಿರುದ್ಧ. ಹರಾಜಿನಲ್ಲಿ ಒಬ್ಬ ಆಟಗಾರನಿಗೆ ನಾಲ್ಕು ತಂಡ ಮುಗಿಬಿದ್ದರೆ ಅವನ ಬೆಲೆ ಏರುತ್ತದೆ. ಡ್ರಾಫ್ಟ್ ಹುಟ್ಟಿದ್ದು ಮಾಲೀಕರು ಹಾಗೆ ಒಬ್ಬರ ಮೇಲೊಬ್ಬರು ಮುಗಿಬೀಳದಿರಲಿ ಎಂದು. 1936ರಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಈ ಪದ್ಧತಿ ತಂದಿತು. 1947ರಲ್ಲಿ ಎನ್‌ಬಿಎಯ ಪೂರ್ವರೂಪವಾದ ಬಿಎಎ ಅದನ್ನು ಎರವಲು ಪಡೆಯಿತು. ಒಂದು ತಂಡ ಹೆಸರು ಕೂಗಿತೆಂದರೆ ಆ ಹುಡುಗ ಲೀಗಿನ ಬೇರೆ ಯಾವ ತಂಡದ ಜೊತೆಗೂ ಮಾತಾಡುವಂತಿಲ್ಲ. ಚೌಕಾಸಿಗೆ ಇದ್ದ ದಾರಿ ಅಲ್ಲಿಗೆ ಮುಚ್ಚಿತು. ‘ದುರ್ಬಲ ತಂಡಗಳನ್ನು ಮೇಲೆತ್ತಲು’ ಎಂಬ ಸಮರ್ಥನೆ ಸುಳ್ಳಲ್ಲ. ಆದರೆ ಅದು ಅರ್ಧ ಸತ್ಯ ಮಾತ್ರ. ಆಟಗಾರರ ಸಂಬಳ ಹಿಡಿತದಲ್ಲಿರಬೇಕು ಎಂಬ ಲೆಕ್ಕಾಚಾರ ಮೊದಲಿನಿಂದಲೂ ಜೊತೆಗಿತ್ತು. ಆಟಗಾರರ ಸಂಘದ ಅಧ್ಯಕ್ಷರಾಗಿದ್ದ ಆಸ್ಕರ್ ರಾಬರ್ಟ್‌ಸನ್ 1970ರಲ್ಲಿ ಲೀಗಿನ ವಿರುದ್ಧ ದಾವೆ ಹೂಡಿದಾಗ ಪ್ರಶ್ನಿಸಿದ್ದು ಈ ಕಟ್ಟುಪಾಡುಗಳನ್ನೇ. 1976ರಲ್ಲಿ ರಾಜಿಯಾಗಿ ಒಂದಿಷ್ಟು ಬಿಗಿ ಸಡಿಲವಾಯಿತು.

ಸಂಬಳದ ಮಾತು ಬಂತಲ್ಲ, 1994ರದ್ದನ್ನೂ ಹೇಳಬೇಕು. ಆ ವರ್ಷ ಮೊದಲ ಸರದಿಯಲ್ಲಿ ಆಯ್ಕೆಯಾದ ಗ್ಲೆನ್ ರಾಬಿನ್‌ಸನ್ ಪಟ್ಟು ಹಿಡಿದು ಮಿಲ್ವಾಕೀ ತಂಡದಿಂದ 10 ವರ್ಷಕ್ಕೆ 6.8 ಕೋಟಿ ಡಾಲರ್ ಒಪ್ಪಂದ ಪಡೆದರು. ಮರುವರ್ಷದಿಂದಲೇ ಮೊದಲ ಸುತ್ತಿನವರಿಗೆ ಎಷ್ಟನೇ ಸರದಿಗೆ ಎಷ್ಟು ಸಂಬಳ ಎಂಬ ಪಟ್ಟಿ ಬಂತು.

ಐಪಿಎಲ್‌ನಲ್ಲೂ ಡ್ರಾಫ್ಟ್ ನಡೆದದ್ದು ಅನೇಕರಿಗೆ ನೆನಪಿಲ್ಲ. 2008ರಲ್ಲಿ 19 ವರ್ಷದೊಳಗಿನ ಹುಡುಗರನ್ನು ಹರಾಜಿಗಿಡದೆ ಸರದಿಯಂತೆ ಹಂಚಲಾಯಿತು. ದೆಹಲಿ ತನ್ನ ಸರದಿಯಲ್ಲಿ ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್ ಅವರನ್ನು ಆರಿಸಿಕೊಂಡಿತು. ಅದೇ ಊರಿನ ವಿರಾಟ್ ಕೊಹ್ಲಿ ಬೆಂಗಳೂರಿನ ಪಾಲಾದರು.

‘ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೇ ಮೊದಲ ಸರದಿ’

ಇದು ಎಂದೂ ಅಷ್ಟು ಸರಳವಾಗಿರಲಿಲ್ಲ. 1965ರವರೆಗೆ ‘ಪ್ರಾದೇಶಿಕ ಆಯ್ಕೆ’ ಎಂಬುದೊಂದಿತ್ತು. ತನ್ನ ಮೊದಲ ಸುತ್ತಿನ ಸರದಿ ಬಿಟ್ಟುಕೊಟ್ಟರೆ, ಡ್ರಾಫ್ಟ್ ಶುರುವಾಗುವ ಮೊದಲೇ ತಂಡವೊಂದು ತನ್ನ ಊರಿನ ಸುತ್ತಮುತ್ತಲ ಕಾಲೇಜಿನ ಆಟಗಾರನನ್ನು ತೆಗೆದುಕೊಳ್ಳಬಹುದಿತ್ತು. ಲೀಗಿಗೆ ಆಗ ಪ್ರೇಕ್ಷಕರ ಬರ. ಕಾಲೇಜಿನಲ್ಲಿ ಹೆಸರು ಮಾಡಿದ ಹುಡುಗ ಅದೇ ಊರಲ್ಲಿ ಆಡಿದರೆ ಟಿಕೆಟ್ ಹೋಗುತ್ತವೆ ಎಂಬ ಆಸೆ. ಫಿಲಡೆಲ್ಫಿಯಾದ ಮಾಲೀಕ ಎಡ್ಡೀ ಗಾಟ್ಲೀಬ್ ಈ ನಿಯಮವನ್ನು ಇನ್ನೂ ಹಿಗ್ಗಿಸಿದರು. ವಿಲ್ಟ್ ಚೇಂಬರ್ಲೇನ್ ಕಾಲೇಜು ಆಡಿದ್ದು ದೂರದ ಕ್ಯಾನ್ಸಸ್‌ನಲ್ಲಿ. ಅಲ್ಲಿ ಎನ್‌ಬಿಎ ತಂಡವೇ ಇಲ್ಲ, ಹುಡುಗ ಹೈಸ್ಕೂಲು ಓದಿದ್ದು ನಮ್ಮೂರಲ್ಲಿ, ಹಾಗಾಗಿ ನಮ್ಮವನೇ ಎಂದು ವಾದಿಸಿ 1959ರಲ್ಲಿ ಅವರನ್ನು ಪಡೆದೇಬಿಟ್ಟರು.

1966ರಿಂದ 1984ರವರೆಗೆ ಎರಡು ವಿಭಾಗಗಳ ಕೊನೆಯ ತಂಡಗಳ ನಡುವೆ ನಾಣ್ಯ ಚಿಮ್ಮುತ್ತಿದ್ದರು. 1969ರಲ್ಲಿ ಫೀನಿಕ್ಸ್ ‘ಹೆಡ್ಸ್’ ಎಂದಿತು, ಬಿದ್ದದ್ದು ಟೇಲ್ಸ್. ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಹೆಸರಾದ ಲ್ಯೂ ಅಲ್ಸಿಂಡರ್ ಮಿಲ್ವಾಕೀಗೆ ಹೋದರು. ಎರಡೇ ವರ್ಷದಲ್ಲಿ ಮಿಲ್ವಾಕೀ ಚಾಂಪಿಯನ್ ಆಯಿತು.

ಬೇಕೆಂದೇ ಸೋತು ಕೊನೆಗೆ ಬರುತ್ತಿದ್ದಾರೆ ಎಂಬ ಗುಮಾನಿ ಹೆಚ್ಚಾದ ಮೇಲೆ 1985ರಲ್ಲಿ ಲಾಟರಿ ಬಂತು. 1990ರಿಂದ ಹೆಚ್ಚು ಸೋತವರಿಗೆ ಹೆಚ್ಚು ಅವಕಾಶ ಕೊಟ್ಟರು. ಆದರೂ 1993ರಲ್ಲಿ, ಗೆಲುವು-ಸೋಲು ಸರಿಸಮವಾಗಿದ್ದ ಒರ್ಲಾಂಡೋ 66ರಲ್ಲಿ ಒಂದೇ ಅವಕಾಶವಿದ್ದೂ ಮೊದಲ ಸರದಿ ಗೆದ್ದಿತು. ಲೀಗ್ ಮತ್ತೆ ನಿಯಮ ತಿದ್ದಿತು. ಮುಂದಿನ ಪದ್ಧತಿಯಲ್ಲಿ 14 ಪಿಂಗ್‌ಪಾಂಗ್ ಚೆಂಡುಗಳಿಂದ ನಾಲ್ಕನ್ನು ಎತ್ತುತ್ತಾರೆ. ಅದರಿಂದ 1001 ಬಗೆಯ ಜೋಡಣೆ ಸಾಧ್ಯ. ಒಂದನ್ನು ಬಿಟ್ಟು 1000ವನ್ನು ತಂಡಗಳಿಗೆ ಹಂಚಿರುತ್ತಾರೆ. 2019ರ ತಿದ್ದುಪಡಿಯಂತೆ ಕೊನೆಯ ಮೂರು ತಂಡಗಳಿಗೂ ತಲಾ ಶೇ 14ರ ಅವಕಾಶ. 2023 ಮತ್ತು 2024ರಲ್ಲಿ ಡೆಟ್ರಾಯಿಟ್ ಲೀಗಿನಲ್ಲೇ ಕೊನೆಯ ಸ್ಥಾನದಲ್ಲಿದ್ದೂ ಎರಡು ಸಲವೂ ಐದನೇ ಸರದಿಗೆ ಜಾರಿತು. 2025ರಲ್ಲಿ ಶೇ 1.8ರ ಅವಕಾಶವಿದ್ದ ಡಲ್ಲಾಸ್ ಮೊದಲ ಸರದಿ ಪಡೆಯಿತು.

‘1985ರ ಲಕೋಟೆ ಮಂಜುಗಡ್ಡೆಯಂತೆ ತಣ್ಣಗಿತ್ತು’

ಆ ಮೊದಲ ಲಾಟರಿಯಲ್ಲಿ ಏಳು ಲಕೋಟೆಗಳನ್ನು ಪಾರದರ್ಶಕ ಡ್ರಮ್ಮಿನಲ್ಲಿ ತಿರುಗಿಸಿ ಕಮಿಷನರ್ ಡೇವಿಡ್ ಸ್ಟರ್ನ್ ಒಂದನ್ನು ಎತ್ತಿದರು. ಅದು ನ್ಯೂಯಾರ್ಕ್ ನಿಕ್ಸ್ ತಂಡದ್ದು. ದೈತ್ಯ ಪ್ರತಿಭೆ ಪ್ಯಾಟ್ರಿಕ್ ಯೂಯಿಂಗ್ ದೊಡ್ಡ ನಗರಕ್ಕೆ ಹೋಗಲೆಂದೇ ಆ ಲಕೋಟೆಯನ್ನು ಫ್ರಿಜ್ಜಿನಲ್ಲಿಟ್ಟು ಗುರುತಿಸಿದ್ದರು ಎಂಬ ಕಥೆ ಇಂದಿಗೂ ಓಡಾಡುತ್ತಿದೆ. ಇದಕ್ಕೆ ಪುರಾವೆ ಎಂಬುದು ಒಂದೂ ಸಿಕ್ಕಿಲ್ಲ. ಕಥೆ ಮರೆಸುವ ಇನ್ನೊಂದು ಸಂಗತಿಯಿದೆ: ಆ ವರ್ಷ ಏಳೂ ತಂಡಗಳಿಗೆ ಸಮಾನ ಅವಕಾಶವಿತ್ತು. ನಿಕ್ಸ್ ಗೆದ್ದದ್ದು ಏಳರಲ್ಲಿ ಒಂದು ಸಾಧ್ಯತೆ, ಪವಾಡವೇನೂ ಆಗಬೇಕಿರಲಿಲ್ಲ. ಅನ್ಯಾಯವಾಯಿತು ಎನ್ನುವುದಾದರೆ ಅದು ನಿಯಮದಿಂದಲೇ ಆದದ್ದು. ಕೊನೆಯ ಸ್ಥಾನದಲ್ಲಿದ್ದ ಗೋಲ್ಡನ್ ಸ್ಟೇಟ್ ಏಳನೇ ಸರದಿಗೆ ಬಿತ್ತು.

‘ಪೋರ್ಟ್‌ಲ್ಯಾಂಡ್ ತಿಳಿಗೇಡಿತನದಿಂದ ಜೋರ್ಡನ್‌ರನ್ನು ಕಳೆದುಕೊಂಡಿತು’

1984ರಲ್ಲಿ ಹ್ಯೂಸ್ಟನ್ ಹಕೀಂ ಒಲಾಜುವನ್ ಅವರನ್ನೂ, ಪೋರ್ಟ್‌ಲ್ಯಾಂಡ್ ಸ್ಯಾಮ್ ಬೋವಿ ಅವರನ್ನೂ, ಮೂರನೆಯದಾಗಿ ಶಿಕಾಗೋ ಮೈಕೆಲ್ ಜೋರ್ಡನ್ ಅವರನ್ನೂ ಆರಿಸಿದವು. ಅಂದಿನಿಂದ ಬೋವಿ ಹೆಸರು ಹೇಳಿದರೆ ಜನ ನಗುತ್ತಾರೆ. ಈ ನಗು ನನಗೆ ಹಿಡಿಸುವುದಿಲ್ಲ. ಪೋರ್ಟ್‌ಲ್ಯಾಂಡ್ ಬಳಿ ಜೋರ್ಡನ್ ಆಡುವ ಜಾಗಕ್ಕೆ ಜಿಮ್ ಪ್ಯಾಕ್ಸನ್ ಇದ್ದರು, ಹಿಂದಿನ ವರ್ಷವಷ್ಟೇ ಕ್ಲೈಡ್ ಡ್ರೆಕ್ಸ್ಲರ್ ಕೂಡ ಬಂದಿದ್ದರು. ಬೇಕಾಗಿದ್ದದ್ದು ಬುಟ್ಟಿಯ ಕೆಳಗೆ ನಿಲ್ಲುವ ಎತ್ತರದ ಆಳು, ಅಂದರೆ ಸೆಂಟರ್. ಆ ಕಾಲದಲ್ಲಿ ಚಾಂಪಿಯನ್ ತಂಡವನ್ನು ಸೆಂಟರ್ ಸುತ್ತಲೇ ಕಟ್ಟಬೇಕು ಎಂಬುದು ಎಲ್ಲರ ನಂಬಿಕೆ. ಆ ಎರಡನೇ ಸರದಿ ಮೂಲತಃ ಪೋರ್ಟ್‌ಲ್ಯಾಂಡಿನದೂ ಅಲ್ಲ, ಇಂಡಿಯಾನಾ ತಂಡದ್ದು. ಮೂರು ವರ್ಷ ಹಿಂದೆ ಟಾಮ್ ಓವೆನ್ಸ್ ಎಂಬ ಆಟಗಾರನಿಗಾಗಿ ಇಂಡಿಯಾನಾ ಅದನ್ನು ಕೊಟ್ಟುಬಿಟ್ಟಿತ್ತು. ಮೊದಲ ಸರದಿಗಾಗಿ ಆ ವರ್ಷ ಚಿಮ್ಮಿದ ನಾಣ್ಯ ಮಗುಚಿ ಬಿದ್ದಿದ್ದರೆ ಪೋರ್ಟ್‌ಲ್ಯಾಂಡಿಗೆ ಒಲಾಜುವನ್ ಸಿಗುತ್ತಿದ್ದರು, ಈ ಮಾತೇ ಇರುತ್ತಿರಲಿಲ್ಲ.

ಬೋವಿ ಚೆನ್ನಾಗಿ ಆಡದೆ ಸೋತವರಲ್ಲ. ಮೊದಲ ಋತುವಿನಲ್ಲಿ 76 ಪಂದ್ಯ ಆಡಿದರು. ಆಮೇಲೆ ಕಾಲಿನ ಮೂಳೆ ಮತ್ತೆ ಮತ್ತೆ ಮುರಿಯಿತು. ಐದು ವರ್ಷದಲ್ಲಿ ಪೋರ್ಟ್‌ಲ್ಯಾಂಡ್ ಪರ ಆಡಲಾದದ್ದು ಒಟ್ಟು 139 ಪಂದ್ಯ. ಕಾಲೇಜಿನಲ್ಲೇ ಕಾಲು ಮುರಿದು ಎರಡು ಋತು ಕೂತಿದ್ದವರನ್ನು ಆರಿಸಿದ್ದು ಅಪಾಯದ ನಿರ್ಧಾರ ಎನ್ನಬಹುದು. ಆದರೆ ಮೂಳೆ ಮುರಿದವನನ್ನು ಅಪಹಾಸ್ಯ ಮಾಡುವುದು ಬೇರೆ ಮಾತು.

‘ಮುಂಚಿನ ಸರದಿ ಎಂದರೆ ಮೇಲಿನ ರ‍್ಯಾಂಕ್’

1947ರ ಮೊಟ್ಟಮೊದಲ ಡ್ರಾಫ್ಟ್‌ನಲ್ಲಿ ಮೊದಲು ಕರೆಸಿಕೊಂಡ ಕ್ಲಿಫ್ಟನ್ ಮೆಕ್ನೀಲಿ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡದೆ ಟೆಕ್ಸಸ್‌ನಲ್ಲಿ ಶಾಲಾ ತರಬೇತುದಾರರಾದರು. 2014ರಲ್ಲಿ 41ನೆಯವರಾಗಿ ಆಯ್ಕೆಯಾದ ನಿಕೊಲಾ ಯೋಕಿಚ್ ಮೂರು ಬಾರಿ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದರು. ಬೆನ್ ವಾಲೇಸ್ ಅವರನ್ನು ಯಾರೂ ಕರೆಯಲಿಲ್ಲ. ಅವರೀಗ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ.

‘ಕಾಲೇಜು ಆಡದವರಿಗೆ ಪ್ರವೇಶವಿಲ್ಲ’

ಹಿಂದೆ ಹೈಸ್ಕೂಲು ಮುಗಿಸಿ ನಾಲ್ಕು ವರ್ಷ ಕಾಯಬೇಕಿತ್ತು. ಆಟಗಾರ ಸ್ಪೆನ್ಸರ್ ಹೇವುಡ್ ಅದನ್ನು ಸುಪ್ರೀಂ ಕೋರ್ಟ್‌ವರೆಗೂ ಒಯ್ದು 1971ರಲ್ಲಿ ಗೆದ್ದರು. ಕೋಬಿ ಬ್ರಯಂಟ್, ಲೆಬ್ರಾನ್ ಜೇಮ್ಸ್ ಹೈಸ್ಕೂಲಿನಿಂದ ನೇರವಾಗಿ ಬಂದವರು. 2006ರಿಂದ ಡ್ರಾಫ್ಟ್ ನಡೆಯುವ ವರ್ಷ 19 ತುಂಬಬೇಕು, ಅಮೆರಿಕದ ಹುಡುಗನಾದರೆ ಹೈಸ್ಕೂಲು ಮುಗಿದು ಒಂದು ವರ್ಷ ಆಗಿರಬೇಕು ಎಂಬ ನಿಯಮವಿದೆ. ಆ ಒಂದು ವರ್ಷವನ್ನು ಕಾಲೇಜಿನಲ್ಲೇ ಕಳೆಯಬೇಕೆಂದು ಎಲ್ಲೂ ಬರೆದಿಲ್ಲ. ಲಮೆಲೊ ಬಾಲ್ ಅದನ್ನು ಆಸ್ಟ್ರೇಲಿಯಾದಲ್ಲಿ ಆಡಿ ಕಳೆದರು.

‘ಡ್ರಾಫ್ಟ್ ಆದರೆ ಆಡಿದಂತೆಯೇ’

1950ರಲ್ಲಿ ಡ್ರಾಫ್ಟ್ ಆದ ಮೊದಲ ಕಪ್ಪು ಆಟಗಾರ ಚಕ್ ಕೂಪರ್. ಆದರೆ ಅಂಗಳಕ್ಕೆ ಮೊದಲು ಇಳಿದದ್ದು ಅದೇ ಡ್ರಾಫ್ಟ್‌ನಲ್ಲಿ ಬಹಳ ತಡವಾಗಿ ಆಯ್ಕೆಯಾಗಿದ್ದ ಅರ್ಲ್ ಲಾಯ್ಡ್, ಅಕ್ಟೋಬರ್ 31ರಂದು. ಅವರ ತಂಡದ ಪಂದ್ಯ ಕೂಪರ್ ತಂಡದ ಪಂದ್ಯಕ್ಕಿಂತ ಒಂದು ದಿನ ಮುಂಚೆ ಇತ್ತು.

ನಮ್ಮವರ ವಿಷಯದಲ್ಲೂ ಇದೇ ಗೊಂದಲ. ಪಂಜಾಬಿನ ಬಲ್ಲೋಕೆ ಗ್ರಾಮದ ಸತ್ನಾಮ್ ಸಿಂಗ್ ಅವರನ್ನು ‘ಎನ್‌ಬಿಎಯಲ್ಲಿ ಆಡಿದ ಮೊದಲ ಭಾರತೀಯ’ ಎನ್ನುವುದನ್ನು ಕೇಳಿರುತ್ತೇವೆ. 7 ಅಡಿ 2 ಅಂಗುಲ ಎತ್ತರದ ಈ ರೈತನ ಮಗ ಫ್ಲೋರಿಡಾದ ಅಕಾಡೆಮಿಯೊಂದರಲ್ಲಿ ಕಲಿತು, ಕಾಲೇಜು ಆಡದೆಯೇ, 2015ರ ಜೂನ್‌ನಲ್ಲಿ 52ನೇ ಸರದಿಯಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ಪಾಲಾದರು. ಭಾರತದಲ್ಲಿ ಹುಟ್ಟಿ ಡ್ರಾಫ್ಟ್ ಆದವರಲ್ಲಿ ಅವರೇ ಮೊದಲಿಗರು, ಆ ಗೌರವ ಪೂರ್ತಿ ಅವರದೇ. ಆದರೆ ಡಲ್ಲಾಸ್‌ನ ಕಿರಿಯ ತಂಡವಾದ ಟೆಕ್ಸಸ್ ಲೆಜೆಂಡ್ಸ್ ಪರ ಆಡಿದ ಅವರಿಗೆ ಎನ್‌ಬಿಎ ಲೀಗ್ ಪಂದ್ಯ ದಕ್ಕಲಿಲ್ಲ. ಸತ್ನಾಮ್ ಡ್ರಾಫ್ಟ್ ಆಗುವುದಕ್ಕೂ ಎರಡು ತಿಂಗಳು ಮೊದಲು, ಏಪ್ರಿಲ್‌ನಲ್ಲಿ, ಸ್ಯಾಕ್ರಮೆಂಟೋ ಕಿಂಗ್ಸ್ ಪರ ಅಂಗಳಕ್ಕಿಳಿದ ಸಿಮ್ ಭುಲ್ಲರ್ ಭಾರತೀಯ ಮೂಲದ ಮೊದಲ ಎನ್‌ಬಿಎ ಆಟಗಾರ. ಕೆನಡಾದಲ್ಲಿ ಹುಟ್ಟಿದ ಅವರು ಆಡಿದ್ದು ಮೂರು ಪಂದ್ಯ. 2014ರ ಡ್ರಾಫ್ಟ್‌ನಲ್ಲಿ ಎರಡೂ ಸುತ್ತು ಮುಗಿದರೂ ಅವರ ಹೆಸರನ್ನು ಯಾವ ತಂಡವೂ ಕರೆದಿರಲಿಲ್ಲ.