ಕಡತಗಳಲ್ಲಿ ಚದುರಿಹೋಗಿದ್ದ ಯುದ್ಧ

ಪಳನಿಗೆ ಹೋಗಿಬಂದವರ ಕೈಯಲ್ಲಿ ಪಂಚಾಮೃತದ ಡಬ್ಬಿ ಇರಲೇಬೇಕು. ಮುಚ್ಚಳ ತೆಗೆದರೆ ಬೆಲ್ಲ, ತುಪ್ಪ, ಏಲಕ್ಕಿಯ ಘಮ. ಬೆರಳಿಗೆ ಅಂಟಿದ ಕಂದು ಪಾಕ ನೆಕ್ಕಿದರೂ ಹೋಗದು. ಅದಕ್ಕೆ ಹಾಕುವ ಬಾಳೆಹಣ್ಣು ಬಯಲುಸೀಮೆಯದಲ್ಲ, ಬೆಟ್ಟದ ಇಳಿಜಾರಿನಲ್ಲಿ ಬೆಳೆಯುವ ವಿರೂಪಾಚ್ಚಿ. ಹಣ್ಣಿಗೆ ಊರಿನ ಹೆಸರು. ಊರಿಗೆ ನಮ್ಮ ಹಂಪಿಯ ದೇವರ ಹೆಸರು, ವಿರೂಪಾಕ್ಷ. ತಮಿಳರ ಬಾಯಲ್ಲಿ ಹೀಗೆ ತಿರುಗಿದೆ.

ದಿಂಡಿಗಲ್‌ನಿಂದ ಪಳನಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಆ ಊರಿನ ಬೋರ್ಡು ಕಂಡಾಗ ನನಗೆ ನೆನಪಾದದ್ದು ಬಾಳೆಗೊನೆ ಮಾತ್ರ. 1800ರ ಏಪ್ರಿಲ್‌ನಲ್ಲಿ ಅದೇ ಊರಿನಲ್ಲಿ ಕೂತು ಕೆಲವರು ಇಂಗ್ಲಿಷರನ್ನು ದಕ್ಷಿಣದಿಂದಲೇ ಓಡಿಸುವ ಲೆಕ್ಕ ಹಾಕಿದ್ದರು, ಕುಮ್ಮಕ್ಕು ಬೇಡಿ ನಮ್ಮ ಚನ್ನಗಿರಿಯ ಧೋಂಡಿಯಾ ವಾಘನ ಹತ್ತಿರ ದೂತರನ್ನು ಅಟ್ಟಿದ್ದರು ಎಂಬುದು ತಿಳಿದದ್ದು ಆಮೇಲೆ, ಒಂದು ಹಳೆಯ ಇಂಗ್ಲಿಷ್ ಪುಸ್ತಕದಿಂದ. ಬರೆದವರು ಮದುರೈ ವಿಶ್ವವಿದ್ಯಾಲಯದ ಇತಿಹಾಸದ ಮೇಷ್ಟ್ರು ಕೆ. ರಾಜಯ್ಯನ್. ಹೆಸರು 'ಸೌತ್ ಇಂಡಿಯನ್ ರೆಬೆಲಿಯನ್'. 1971ರಲ್ಲಿ ಅದನ್ನು ಹೊರತಂದವರು, ನೋಡಿ, ಮೈಸೂರಿನ ರಾವ್ ಅಂಡ್ ರಾಘವನ್ ಪ್ರಕಾಶನದವರು. ನಮ್ಮ ಅಂಗಳದಲ್ಲೇ ಬಿದ್ದಿದ್ದ ಪುಸ್ತಕ. ನಾವು ಓದಲಿಲ್ಲ, ಅಷ್ಟೆ.

ರಾಜಯ್ಯನ್ ಕಂಡುಹಿಡಿದದ್ದು ಶಾಸನವನ್ನಲ್ಲ, ನೆಲ ಅಗೆದು ತೆಗೆದ ಕತ್ತಿಯನ್ನೂ ಅಲ್ಲ. ಕಾಗದಗಳೆಲ್ಲ ಮೊದಲೇ ಇದ್ದವು. ದಿಂಡಿಗಲ್ ಸೀಮೆಯ ಕಲೆಕ್ಟರ್ ಹರ್ಡಿಸ್ ಮದ್ರಾಸಿಗೆ ಬರೆದ ಪತ್ರಗಳು ಒಂದು ಕಡೆ. ಧೋಂಡಿಯಾನ ಬೆನ್ನು ಹತ್ತಿ ತುಂಗಭದ್ರೆಯ ಆಚೆ ಈಚೆ ಓಡಾಡಿದ ಆರ್ಥರ್ ವೆಲ್ಲೆಸ್ಲಿಯ ಪತ್ರಗಳು ಇನ್ನೊಂದು ಕಡೆ. ಬಲಂ ಸೀಮೆಯ, ಎಂದರೆ ಇವತ್ತಿನ ಸಕಲೇಶಪುರದ ಸುತ್ತಿನ, ಕೃಷ್ಣಪ್ಪ ನಾಯಕನ ಸಂಗತಿ ಮತ್ತೊಂದು ಕಡೆ. ತಮಿಳು ಸೀಮೆಯ ಶಿವಗಂಗೆಯನ್ನು ಆಳುತ್ತಿದ್ದ ಮರುದು ಸಹೋದರರದು ಮಗದೊಂದು. ಸೀಮೆಗೊಂದು ಕಡತ, ಕಡತಕ್ಕೊಂದು ದಾರ. ಹಾಗೆ ಕಟ್ಟಿಟ್ಟವರ ಕಣ್ಣಿಗೆ ಎಲ್ಲವೂ ಬಿಡಿಬಿಡಿ 'ಪಾಳೆಯಗಾರರ ಗಲಾಟೆ'ಗಳೇ. ಆಮೇಲಿನ ಇತಿಹಾಸಕಾರರೂ ಬಹುಮಟ್ಟಿಗೆ ಅದೇ ದಾರ ಹಿಡಿದು ನಡೆದರು. ರಾಜಯ್ಯನ್ ದಾರ ಬಿಚ್ಚಿ, ಕಡತಗಳನ್ನು ಬೆರೆಸಿ, ತಾರೀಖಿನ ಮೇಲೆ ಓದಿದರು.

ತಾರೀಖುಗಳು ಮಾತಾಡತೊಡಗಿದವು. ಏಪ್ರಿಲ್‌ನಲ್ಲಿ ವಿರೂಪಾಚ್ಚಿಯ ಸಭೆ. ಜೂನ್ 3ಕ್ಕೆ ಕೊಯಮತ್ತೂರು ಕೋಟೆಯ ಮೇಲೆ ಬೀಳುವ ಹಂಚಿಕೆ. ಆ ದಿನವೇ ಏಕೆ? ಹಿಜರಿ ಲೆಕ್ಕ ಹಾಕಿದರೆ ಅದು ಮೊಹರಂನ ಹತ್ತನೇ ದಿನ. ಊರೆಲ್ಲ ಬೀದಿಯಲ್ಲಿರುವಾಗ ಹೊರಗಿನ ನಾಲ್ಕು ಮಂದಿ ಹೆಚ್ಚಾಗಿ ಕಂಡರೂ ಯಾರೂ ಕೇಳುವುದಿಲ್ಲ. ಸುದ್ದಿ ಮುಂಚೆಯೇ ಸೋರಿತು. ಹಿಡಿದು, ವಿಚಾರಣೆಯ ಶಾಸ್ತ್ರ ಮುಗಿಸಿ, ನಲವತ್ತಕ್ಕೂ ಹೆಚ್ಚು ಮಂದಿಯನ್ನು ಗಲ್ಲಿಗೆ ಹಾಕಿದರು. ಅತ್ತ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಧೋಂಡಿಯಾ ಸತ್ತ. ಅವನ ಸಾಮಾನು ಸರಂಜಾಮಿನ ನಡುವೆ ಸಿಕ್ಕ ಪುಟ್ಟ ಮಗನನ್ನು ವೆಲ್ಲೆಸ್ಲಿಯೇ ಸಾಕಿಸಿದ. ಉತ್ತರದ ತುದಿ ಹೀಗೆ ಕಳಚಿದ ಮೇಲೆ ಪಳನಿ ಬೆಟ್ಟದ ಕಡೆಯವರು ಒಂಟಿಯಾದರು. 1801ರಲ್ಲಿ ಕರ್ನಲ್ ಇನ್ನೆಸ್ ದಂಡು ಕಟ್ಟಿಕೊಂಡು ಬಂದ. ವಿರೂಪಾಚ್ಚಿಯ ಪಾಳೆಯಗಾರ ಗೋಪಾಲ ನಾಯಕ ಬೆಟ್ಟ ಸೇರಿದ, ಸಿಕ್ಕಿಬಿದ್ದ, ಗಲ್ಲಿಗೇರಿದ. ದಿಂಡಿಗಲ್‌ನಲ್ಲಿ ಇವತ್ತಿಗೂ ಗೋಪಾಲಸಮುದ್ರವೆಂಬ ಕೆರೆಯ ಕಡೆ ಕೈ ತೋರಿಸುತ್ತಾರೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮರುದು ಸಹೋದರರಿಗೆ ನೇಣು. ಬಲಂ ಕೃಷ್ಣಪ್ಪ ನಾಯಕನಿಗೆ 1802ರ ಫೆಬ್ರವರಿಯಲ್ಲಿ.

ಇವರೆಲ್ಲ ಯಾರ ಪ್ರಜೆಗಳು? ಪಳನಿಯಲ್ಲಿ ನಿಂತು ಈ ಪ್ರಶ್ನೆ ಕೇಳಿದರೆ ಸುಲಭಕ್ಕೆ ಉತ್ತರ ಸಿಗದು. ದಿಂಡಿಗಲ್ ಒಂದು ಕಾಲಕ್ಕೆ ಮೈಸೂರಿನದು. 1755ರಲ್ಲಿ ಅಲ್ಲಿನ ಫೌಜುದಾರನಾಗಿ ಹೋದ ಮೇಲೆಯೇ ಹೈದರಾಲಿಯ ದೆಸೆ ತಿರುಗಿದ್ದು. ಗಂಡನನ್ನು ಕಳೆದುಕೊಂಡು 1772ರಲ್ಲಿ ಶಿವಗಂಗೆಯಿಂದ ಓಡಿಬಂದ ರಾಣಿ ವೇಲು ನಾಚಿಯಾರ್ ಎಂಟು ವರ್ಷ ಆಶ್ರಯ ಪಡೆದದ್ದು ಇದೇ ವಿರೂಪಾಚ್ಚಿಯಲ್ಲಿ. ಅವಳು ತನ್ನ ನಾಡನ್ನು ಮರಳಿ ಗೆದ್ದದ್ದು ಹೈದರನ ನೆರವಿನಿಂದ. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಯಿತು. ಟಿಪ್ಪು ಬಿಟ್ಟುಕೊಟ್ಟ ಸೀಮೆಗಳ ಪಟ್ಟಿಯಲ್ಲಿ ದಿಂಡಿಗಲ್ಲೂ ಇತ್ತು. ಮೈಸೂರಿನ ಪ್ರಜೆಯಾಗಿ ಮಲಗಿದವನು ಕುಂಪಣಿಯ ಪ್ರಜೆಯಾಗಿ ಎದ್ದ, ಅವನನ್ನು ಕೇಳಿದವರಿಲ್ಲ.

ಭಾಷೆಯಿಂದ ಹೇಳೋಣವೆಂದರೆ ಅದೂ ನಿಲ್ಲುವುದಿಲ್ಲ. ಗೋಪಾಲ ನಾಯಕ ರಾಜಕಂಬಳದವನು, ಅವರ ಮನೆಮಾತು ತೆಲುಗು. ಪಕ್ಕದ ಕಂಬಂ ಕಣಿವೆಯ ಕಪ್ಪಿಲಿಯರು, ಅನುಪ್ಪರು ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡುತ್ತಾರೆ, ಹೊಸ್ತಿಲು ದಾಟಿದರೆ ತಮಿಳು. ಮರುದು ಸಹೋದರರದು ತಮಿಳು. ಧೋಂಡಿಯಾನದು ಮರಾಠಾ ಹುಟ್ಟು, ಕನ್ನಡ ನೆಲ, ಟಿಪ್ಪುವಿನ ಸೆರೆಯಲ್ಲಿ ಹೇರಿದ ಮುಸಲ್ಮಾನ ಹೆಸರು. ಇಂಥವರೆಲ್ಲ ಸೇರಿ 'ನಾವು' ಅನ್ನಬೇಕಾದರೆ ಯಾವ ಪದ ಬಳಸಬೇಕು?

ಪದ ಸಿಕ್ಕಿದ್ದು ಒಂದು ಗೋಡೆಯ ಮೇಲೆ. 1801ರ ಜೂನ್ 16ರಂದು ತಿರುಚಿರಾಪಳ್ಳಿ ಕೋಟೆಯಲ್ಲಿ ನವಾಬನ ಅರಮನೆಯ ಬಾಗಿಲಿಗೂ ಶ್ರೀರಂಗದ ದೇವಸ್ಥಾನದ ಗೋಡೆಗೂ ಚಿನ್ನ ಮರುದುವಿನ ಹೆಸರಿನ ಕಾಗದ ಅಂಟಿತ್ತು. ಅದು ಕೂಗಿ ಕರೆದದ್ದು ಜಂಬೂದ್ವೀಪದವರನ್ನು. ನಮಗೆ ಜಂಬೂದ್ವೀಪವೆಂದರೆ ಪುರೋಹಿತರು ಸಂಕಲ್ಪ ಹೇಳುವಾಗ ಗೊಣಗುವ ಮಾತು, ಭರತವರ್ಷೇ ಭರತಖಂಡೇ ಎಂದು ಮುಂದೆ ಓಡುವುದು. ಆ ಮಾತನ್ನು ಪೂಜೆಯ ಮಣೆಯಿಂದ ಎತ್ತಿ ರಣಕ್ಕೆ ತಂದಿದ್ದರು. ಬ್ರಾಹ್ಮಣರಿಂದ ಶೂದ್ರರ ತನಕ ಎಲ್ಲರೂ, ಜೊತೆಗೆ ಮುಸಲ್ಮಾನರೂ, ಬಿಳಿಯರ ಕೈಕೆಳಗಿನ ಸುಬೇದಾರ, ಹವಾಲ್ದಾರ, ಸಿಪಾಯಿಗಳೂ ಅದರೊಳಗೆ ಬಂದರು. ಕಾಗದ ಕಿತ್ತವನಿಗೆ ಪಂಚಮಹಾಪಾತಕದ ಶಾಪ. ಓದಿದವನು ನಕಲು ಮಾಡಿಕೊಂಡು ಹಂಚಬೇಕೆಂಬ ಕಟ್ಟಳೆ. ಕಟ್ಟಳೆಯನ್ನು ತಪ್ಪದೆ ನಡೆಸಿದವರು ಕುಂಪಣಿಯವರೇ: ಇಂಗ್ಲಿಷಿಗೆ ಇಳಿಸಿ ಕಡತಕ್ಕೆ ಹಾಕಿಕೊಂಡರು. ಇವತ್ತು ಓದಲು ಸಿಗುವುದು ಆ ಇಂಗ್ಲಿಷ್.

ರಾಜಯ್ಯನ್ ತಮ್ಮ ಪುಸ್ತಕಕ್ಕೆ 'ಮೊದಲ ಸ್ವಾತಂತ್ರ್ಯ ಯುದ್ಧ' ಎಂಬ ಉಪಶೀರ್ಷಿಕೆಯನ್ನೂ ಕೊಟ್ಟರು. ಆ ಪಟ್ಟಕ್ಕೆ ಸಾಲಿನಲ್ಲಿ ನಿಂತವರು ಬಹಳ. ನನಗೆ ಅದರಲ್ಲಿ ಆಸಕ್ತಿ ಕಡಿಮೆ. ಪಾಳೆಯಗಾರರಿಗೆ ತಮ್ಮ ಕಪ್ಪಕಾಣಿಕೆ, ಕಾವಲಿನ ಹಕ್ಕುಗಳ ಸಂಕಟವಿತ್ತು. ಧೋಂಡಿಯಾ ತನ್ನನ್ನು ಉಭಯಲೋಕಾಧೀಶ್ವರ ಎಂದು ಕರೆದುಕೊಂಡವನು, ಲೂಟಿಗೆ ಹಿಂಜರಿದವನಲ್ಲ. ಅವರನ್ನೆಲ್ಲ 1947ರ ಕಡೆಗೆ ಮುಖಮಾಡಿ ನಿಲ್ಲಿಸಿದರೆ ಫೋಟೋ ಚೆನ್ನಾಗಿ ಬರಬಹುದು, ಅಷ್ಟೆ. ಆದರೆ ಚನ್ನಗಿರಿಯವನಿಗೂ ಶಿವಗಂಗೆಯವನಿಗೂ ನಡುವೆ ವಿರೂಪಾಚ್ಚಿಯಂಥ ಬೆಟ್ಟದಡಿಯ ಊರು ಕೊಂಡಿಯಾಗಿತ್ತು ಎಂಬುದನ್ನು ಕಡತ ಬಿಚ್ಚಿ ತೋರಿಸಿದರಲ್ಲ, ಆ ಕೆಲಸ ದೊಡ್ಡದು.

ಉಳಿದವರನ್ನು ಹಡಗು ಹತ್ತಿಸಿದರು. 1802ರ ಫೆಬ್ರವರಿಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಪೆನಾಂಗ್ ದ್ವೀಪಕ್ಕೆ ಸಾಗಿಸಿದಾಗ ಅವರಲ್ಲಿ ಚಿನ್ನ ಮರುದುವಿನ ಮಗ ದೊರೆಸ್ವಾಮಿಯೂ ಇದ್ದ, ಇನ್ನೂ ಹುಡುಗ. ಅವನ ತಂದೆಯಿಂದ ಈಟಿ ಎಸೆಯುವುದನ್ನೂ ವಳರಿ ಎಂಬ ಎಸೆಗೋಲು ಬೀಸುವುದನ್ನೂ ಕಲಿತಿದ್ದ ಜೇಮ್ಸ್ ವೆಲ್ಷ್ ಎಂಬ ಸೇನಾಧಿಕಾರಿ 1818ರಲ್ಲಿ ಪೆನಾಂಗ್‌ಗೆ ಹೋದ. ಒಂದು ದಿನ ಅವನ ಮುಂದೆ ಒಬ್ಬ ಬಡಕಲು ಮನುಷ್ಯ ಬಂದು ನಿಂತ. ಮುದುಕನಾಗುವ ವಯಸ್ಸಲ್ಲ, ನೋಡಿದರೆ ಮುದುಕ. ಅವನು ಹೆಸರು ಹೇಳುವತನಕ ವೆಲ್ಷ್‌ಗೆ ಗುರುತು ಸಿಗಲಿಲ್ಲ.